ಅಕ್ಕವ್ವ ಖಾನಾಪುರದಲ್ಲಿ ಇಳಿಯಲಿಲ್ಲ

ಅಕ್ಕವ್ವನದು ಕಲ್ಲೆದೆ, ಹೆತ್ತ ಮಗಳನ್ನು ಕೊಟ್ಟು ಕೈ ತೊಳೆದುಕೊಂಡಳು ಎಂದು ನಮ್ಮ ವಡಗಾವಿಯ ಓಣಿಯಲ್ಲಿ ಈಗಲೂ ಆಡುವವರಿದ್ದಾರೆ. ಆಡಲಿ. ಎಲುಬಿಲ್ಲದ ನಾಲಿಗೆ ಹೇಗೆ ಬೇಕಾದರೂ ಹೊರಳುತ್ತದೆ. ಅವಳ ಮನೆಗೂ ನನ್ನ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಆಚೆ ನಡೆದದ್ದು ನನಗೆ ಗೊತ್ತು.

ಅವಳ ಗಂಡ ಈರಣ್ಣ ಮಗ್ಗದಲ್ಲಿ ಸೀರೆ ನೇಯುತ್ತಿದ್ದ. ಒಂದು ಹಾಸು ಮುಗಿಯಿತೆಂದರೆ ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯ ಎಳೆಯ ತುದಿಗೆ ಹೊಸೆದು ಕೂಡಿಸಬೇಕು. ಅದಕ್ಕೆ ಕೆಚ್ಚುವುದು ಎನ್ನುತ್ತೇವೆ. ಬೆರಳಿಗೆ ಬೂದಿ ಹಚ್ಚಿಕೊಂಡು ಹೆಂಗಸರು ಮಾಡುವ ಕೆಲಸ. ಆ ಕೆಲಸಕ್ಕೆ ಓಣಿಯವರೆಲ್ಲ ಅಕ್ಕವ್ವನನ್ನೇ ಕರೆಯುತ್ತಿದ್ದರು. ಅವಳು ಎಳೆಯ ಕಡೆ ನೋಡುತ್ತಲೇ ಇರಲಿಲ್ಲ. ಮಾತು ನಮ್ಮ ಕೂಡ, ಕಣ್ಣು ಹೋಗಿ ಬರುವವರ ಮೇಲೆ, ಬೆರಳು ತಮ್ಮ ಪಾಡಿಗೆ ತಾವು. ಯಾರ ಸೊಸೆ ಯಾವಾಗ ತವರಿಗೆ ಹೋದಳು ಎಂಬುದೆಲ್ಲ ಕೆಚ್ಚುತ್ತಲೇ ಹೇಳಿ ಮುಗಿಸುತ್ತಿದ್ದಳು.

ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ಆದ ಮರುವರ್ಷ ಅವಳು ಮಾತು ಬಿಟ್ಟಳು. ತಲೆ ಬಗ್ಗಿಸಿ, ನೋಡಿ ನೋಡಿ ಕೆಚ್ಚತೊಡಗಿದಳು.

"ಕಣ್ಣ ಮಂಜಾಗ್ಯಾವೇನ?" ಎಂದೆ.

"ಕಣ್ಣ ನೆಟ್ಟಗ ಅದಾವು, ಸಂಗವ್ವ. ಬೆರಳಿಗೆ ಎಳಿ ಹತ್ತವಲ್ದು. ಜೋಮ ಹಿಡದಂಗ ಆಗೈತಿ, ಬಿಡವಲ್ದು."

ಕುಪ್ಪಸದ ತೋಳು ಸರಿಸಿ ತೋರಿಸಿದಳು. ಮೊಣಕೈ ಹತ್ತಿರ ಬಣ್ಣ ಮಾಸಿದ ಒಂದು ಮಚ್ಚೆ. ಅದರಲ್ಲಿ ಸೂಜಿ ಚುಚ್ಚಿಕೊಂಡಳು. ಅವಳ ಮುಖ ಹಾಗೇ ಇತ್ತು, ನನಗೇ ಮೈ ಜುಮ್ಮೆಂದಿತು. ಕುಷ್ಠಕ್ಕೆ ನಮ್ಮ ಕಡೆ ದೊಡ್ಡ ರೋಗ ಎನ್ನುತ್ತೇವೆ; ಆ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

"ಶಿವಬಸವ್ವಂದೊಂದು ಲಗ್ನ ಆಗಲಿ. ಅಲ್ಲೀತನಕ ಬಾಯಿ ಬಿಡಬ್ಯಾಡ," ಎಂದಳು. ಶಿವಬಸವ್ವ ಅವಳ ಒಬ್ಬಳೇ ಮಗಳು. ಹದಿನಾರು ದಾಟಿತ್ತು. ಆ ರೋಗ ಇದ್ದ ಮನೆಯ ಹೆಣ್ಣನ್ನು ಯಾವ ಊರಿನವರೂ ತರುತ್ತಿರಲಿಲ್ಲ. ಅಕ್ಕವ್ವನಿಗೆ ಬೇಕಾದದ್ದು ಅದೊಂದೇ, ಮಗಳು ಒಂದು ಮನೆ ಸೇರಬೇಕು.

ಖಾನಾಪುರದಿಂದ ಸಂಬಂಧ ಬಂತು. ಭತ್ತದ ವ್ಯಾಪಾರದ ಮನೆ. ಹುಡುಗ ಉಳವಪ್ಪ, ಅವನ ತಾಯಿ ಸಾವಂತ್ರವ್ವ. ಕನ್ಯೆ ನೋಡಲು ಬಂದ ದಿನ ಅಕ್ಕವ್ವ ಸಜ್ಜಕ ಮಾಡಿದ್ದಳು. ಅಷ್ಟು ದಿನ ಒಲೆಯ ಹತ್ತಿರ ಬಟ್ಟೆ ಇಲ್ಲದೆ ಪಾತ್ರೆ ಮುಟ್ಟಿದವಳಲ್ಲ. ಅವತ್ತು ಹುಡುಗ ಮನಸ್ಸಿಗೆ ಬಂದಿದ್ದ, ಖುಷಿಯಲ್ಲಿ ಮೈಮರೆತಳು. ಕುದಿಯುವ ಬೋಗುಣಿಯನ್ನು ಬರಿಗೈಯಲ್ಲಿ ಎತ್ತಿಕೊಂಡು ಬಂದು ನಡುಮನೆಯಲ್ಲಿ ನಿಂತು, "ಕುಂದರ್ರಿ, ಬಿಸಿ ಇದ್ದಾಗ ತಿನ್ರಿ," ಎಂದು ನಗುತ್ತಿದ್ದಳು. ಸಾವಂತ್ರವ್ವ ನೆರವಾಗಲೆಂದು ಬೋಗುಣಿಗೆ ಕೈ ಹಚ್ಚಿದವಳು ಚುರ್ ಎಂದು ಹಿಂದಕ್ಕೆ ತೆಗೆದುಕೊಂಡಳು. ಅಕ್ಕವ್ವ ಇನ್ನೂ ಹಿಡಿದುಕೊಂಡೇ ನಿಂತಿದ್ದಳು.

ಸಾವಂತ್ರವ್ವ ಎಲ್ಲರೆದುರು ಏನೂ ಅನ್ನಲಿಲ್ಲ. ಸಜ್ಜಕ ತಿಂದಳು, ಕೈ ತೊಳೆಯುವ ನೆವದಲ್ಲಿ ಹಿತ್ತಲಿಗೆ ಬಂದಳು. ನಾನು ಅಲ್ಲಿ ಪಾತ್ರೆ ತಿಕ್ಕುತ್ತಿದ್ದೆ, ಅಕ್ಕವ್ವ ನೀರು ಕೊಡುತ್ತಿದ್ದಳು.

"ಕೈ ತೋರಸ್ರಿ," ಎಂದಳು ಸಾವಂತ್ರವ್ವ. ಅಕ್ಕವ್ವನ ಅಂಗೈಯಲ್ಲಿ ಬೊಬ್ಬೆ ಎದ್ದಿದ್ದವು. ಬಹಳ ಹೊತ್ತು ನೋಡಿದಳು. "ನಮ್ಮೂರು ಅಡವಿ ಸೀಮಿ. ಅಲ್ಲಿ ಜ್ವರಕ್ಕ ಅಂಜಿ ನನ್ನ ಮಗಗ ಯಾರೂ ಹೆಣ್ಣ ಕೊಡವಲ್ರು. ಇದಕ್ಕ ಅಂಜಿ ನಿಮ್ಮ ಮಗಳನ್ನ ಯಾರೂ ತಗೋಳಾಂಗಿಲ್ಲ. ಹುಡುಗಿ ಚಲೋ ಅದಾಳ, ನಾ ಮಾಡ್ಕೋತೀನಿ. ಖರೇ, ಲಗ್ನ ಆದಮ್ಯಾಲ ನೀವು ನಮ್ಮೂರಾಗ ಕಾಲ ಇಡಬಾರದು. ಪಂಚಮಿಗೂ ಆಕಿನ್ನ ಕಳಸಾಂಗಿಲ್ಲ. ಬಾಣಂತನ ನಮ್ಮಲ್ಲೇ. ಯಾಕಂತ ಆಕಿಗೂ ಗೊತ್ತಾಗಬಾರದು. ಸಣ್ಣ ಹುಡುಗಿ, ಅತ್ತಕೋತ ನಾಕು ಮಂದಿ ಮುಂದ ಹೇಳಿದ್ರ ನನ್ನ ಮನಿನೂ ಹೋತು."

"ಆತ್ರಿ," ಎಂದಳು ಅಕ್ಕವ್ವ. ಯೋಚನೆ ಮಾಡಲೂ ಇಲ್ಲ.

ನನಗೆ ಸಾವಂತ್ರವ್ವನ ಮೇಲೆ ಸಿಟ್ಟು ನೆತ್ತಿಗೇರಿತ್ತು. ಸಂತೆಯಲ್ಲಿ ಅಕ್ಕಿ ಕೊಳ್ಳುವವರ ಹಾಗೆ ಚೌಕಾಶಿ ಮಾಡಿದಳಲ್ಲ ಎಂದುಕೊಂಡೆ. ಬೇರೆ ಯಾರಾದರೂ ಆಗಿದ್ದರೆ ಹೊಸ್ತಿಲು ದಾಟುವ ಮುಂಚೆಯೇ ಓಣಿಗೆಲ್ಲ ಸಾರಿ ಹೋಗುತ್ತಿದ್ದರು ಎಂಬುದೂ ಅಷ್ಟೇ ನಿಜ.

ಮದುವೆ ಆಯಿತು. ಮಗಳನ್ನು ಗಾಡಿ ಹತ್ತಿಸುವಾಗ ಓಣಿಯ ಹೆಂಗಸರೆಲ್ಲ ಸೆರಗಿನಲ್ಲಿ ಮೂಗು ಒರೆಸಿದರು, ಅಕ್ಕವ್ವನ ಕಣ್ಣು ಒಣಗಿತ್ತು. ಗಾಡಿ ಹೋದ ಮೇಲೆ ನನಗಂದಳು, "ಅಳು ಬರವಲ್ದು, ಸಂಗವ್ವ. ಕೈಯಾಗಿಂದು ಒಳಗೂ ಇಳದೈತಿ."

ಆಮೇಲೆ ಅವಳು ಕೆಚ್ಚುವುದನ್ನು ಬಿಟ್ಟಳು. ಈರಣ್ಣ ಒಂದೂ ಮಾತು ಕೇಳದೆ ಹಿತ್ತಲ ಕೋಣೆಗೆ ಸುಣ್ಣ ಬಳಿದು ಕೊಟ್ಟ. ಅವಳ ತಾಟು ಬೇರೆಯಾಯಿತು, ಕೌದಿ ಬೇರೆಯಾಯಿತು. ಪಂಚಮಿ ಬಂತು. ಖಾನಾಪುರದಿಂದ ರವಿವಾರ ಪೇಟೆಗೆ ಅಕ್ಕಿ ಗಾಡಿ ತರುವ ಸಿದರಾಯ ಬಾಗಿಲಲ್ಲಿ ನಿಂತು, "ಅವ್ವ ಯಾಕ ಕರಿಯಾಕ ಯಾರನ್ನೂ ಕಳಸಿಲ್ಲಂತ ನಿಮ್ಮ ಮಗಳು ಕೇಳ್ಯಾಳ್ರಿ," ಎಂದ. "ಈ ವರ್ಷ ಆಗಾಂಗಿಲ್ಲಂತ ಹೇಳಪಾ," ಎಂದಳು. ಮರುವರ್ಷವೂ ಅದನ್ನೇ ಹೇಳಿದಳು. ಕಲ್ಲೆದೆ ಎಂಬ ಹೆಸರು ಬಿದ್ದದ್ದು ಆಗ. ನನ್ನ ನಾಲಿಗೆಯ ತುದಿಗೆ ಬಂದದ್ದನ್ನು ಎಷ್ಟು ಸಲ ನುಂಗಿದೆನೋ.

ಗಂಡು ಕೂಸು ಹುಟ್ಟಿದ ಸುದ್ದಿಯೂ ಸಿದರಾಯನ ಗಾಡಿಯಲ್ಲೇ ಬಂತು. ಅಕ್ಕವ್ವ "ಚಲೋ ಆತು," ಎಂದು ಒಳಗೆ ಹೋದಳು. ಮಳೆಗಾಲ ಕಳೆದ ಮೇಲೆ ಒಂದು ಮುಂಜಾನೆ ನನ್ನ ಬಾಗಿಲಿಗೆ ಬಂದು, "ಲೋಂಡಾಕ್ಕ ಹೋಗುವ ರೈಲು ಖಾನಾಪುರದಾಗ ನಿಂದರತೈತಿ. ಊರಾಗ ಕಾಲ ಇಡಬ್ಯಾಡ ಅಂದಾರ. ನಾ ಡಬ್ಬಿ ಬಿಟ್ಟ ಇಳಿಯಾಂಗಿಲ್ಲ. ನೀ ಬರ್ತಿಯೇನ?" ಎಂದಳು. ನಾವು ಬರುವ ದಿನ ಕೂಸನ್ನು ಎತ್ತಿಕೊಂಡು ಟೇಶನ್ನಿಗೆ ಬಾ ಎಂದು ನಾನು ಕೂಡಲೇ ಸಿದರಾಯನ ಕೈಯಲ್ಲಿ ಶಿವಬಸವ್ವನಿಗೆ ಹೇಳಿ ಕಳಿಸಿದೆ.

ಖಾನಾಪುರದ ಟೇಶನ್ನಿನಲ್ಲಿ ಶಿವಬಸವ್ವ ಕೂಸು ಎತ್ತಿಕೊಂಡು ನಿಂತಿದ್ದಳು. ಸಾವಂತ್ರವ್ವನೂ ಬಂದಿದ್ದಳು. ನಮ್ಮನ್ನು ಕಂಡು ದೂರ ಸರಿದು, ಬೇರೆ ಕಡೆ ಮುಖ ಮಾಡಿ ನಿಂತಳು. ಆಗ ನನ್ನ ಸಿಟ್ಟು ಅರ್ಧ ಇಳಿಯಿತು.

ಮಗಳು ಕಿಟಕಿಯ ಹತ್ತಿರ ಬಂದಳು. "ಇಳೀ ಬೇ."

"ಬ್ಯಾಡ. ಗಾಡಿ ಬಿಡತೈತಿ."

"ಎರಡು ಪಂಚಮಿ ಹಾದಿ ನೋಡಿ ನೋಡಿ ಕಣ್ಣ ಬಿದ್ದು ಹೋದುವು. ಈಗ ಕೂಸನ್ನರ ಎತಗೋತಿಯೋ ಇಲ್ಲೋ?"

ಅಕ್ಕವ್ವ ಮಗಳ ಮುಖವನ್ನೇ ನೋಡುತ್ತ ಕುಳಿತಳು. "ಸೊರಗೀದಿ," ಎಂದಳು. "ಜ್ವರ ಬಂದಿತ್ತೇನ?" ಅವಳ ಬಲಗೈ ಕಿಟಕಿಯ ಕಟ್ಟಿಗೆಯ ಮೇಲಿತ್ತು. ತಾಯಿಯ ಹೆಗಲಿನಿಂದ ಬಗ್ಗಿದ ಕೂಸು ಆ ಕೈಯ ತೋರುಬೆರಳನ್ನು ಹಿಡಿದುಕೊಂಡಿತು. ಎಳೆಯಿತು, ಬಾಯಿಗೆ ಒಯ್ಯಲು ನೋಡಿತು. ಅಕ್ಕವ್ವ ಮಗಳನ್ನು ನೋಡುತ್ತಲೇ ಇದ್ದಳು, ಜ್ವರಕ್ಕೆ ಏನು ಕುಡಿಸಿದರು ಎಂದು ಕೇಳುತ್ತಿದ್ದಳು.

ಶಿವಬಸವ್ವ ಕೂಸಿನ ಮುಷ್ಟಿ ನೋಡಿದಳು, ತಾಯಿಯ ಕಣ್ಣು ನೋಡಿದಳು, ಮತ್ತೆ ಮುಷ್ಟಿ ನೋಡಿದಳು. ಅವಳ ಮುಖದ ಬಣ್ಣ ಇಳಿಯಿತು. ಕೂಸನ್ನು ಮಾತ್ರ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

"ಅಕ್ಕವ್ವ, ಕೆಳಗ ನೋಡ. ಕೂಸು ಬೆರಳ ಹಿಡದೈತಿ," ಎಂದೆ ನಾನು.

ಅವಳು ನೋಡಿದಳು. ಅಷ್ಟರಲ್ಲಿ ಗಾಡಿ ಅಲುಗಿತು, ಬೆರಳು ಜಾರಿತು.

ಲೋಂಡಾದವರೆಗೆ ದಾರಿಯುದ್ದಕ್ಕೂ ಅಡವಿ. ಅಕ್ಕವ್ವ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಆ ತೋರುಬೆರಳನ್ನೇ ನೋಡುತ್ತಿದ್ದಳು.

"ಬಿಗೀ ಹಿಡದಿತ್ತೇನ, ಸಂಗವ್ವ?"

"ಬಿಗೀನ ಹಿಡದಿತ್ತವಾ," ಎಂದೆ.