ಬಾಳ, ಇನ್ನೊಂದು ಭಾಕರಿ?

ಭಾಕರಿ ಬಡಿಯಲು ಕೂತರೆ ಮಾವಶಿ ಮೊದಲು ಹಸಿರು ಬಳೆಗಳನ್ನೆಲ್ಲ ಮೊಳಕೈಯತ್ತ ಜರುಗಿಸಿ, ಜಾರದಂತೆ ಒಂದು ರಬ್ಬರ್ ಬ್ಯಾಂಡು ಹಾಕಿಕೊಳ್ಳುತ್ತಿದ್ದಳು. ನಿಪ್ಪಾಣಿಯ ನಮ್ಮ ಕಾಲೇಜಿನ ಊಟದ ಕೋಣೆಗೆ ಅವಳೇ ಯಜಮಾನಿ. ಮಾವಶಿ ಅಂದರೆ ಮರಾಠಿಯಲ್ಲಿ ಚಿಕ್ಕಮ್ಮ, ಎಲ್ಲರೂ ಅವಳನ್ನು ಹಾಗೇ ಕರೆಯುತ್ತಿದ್ದೆವು. ದಿನಾ ಕೊಗನೊಳ್ಳಿಯಿಂದ ಮೊದಲ ಬಸ್ಸಿಗೆ ಬರುತ್ತಿದ್ದಳು. ಗೋಡೆಯಾಚೆ ಅವಳ ಕೈ ಬಡಿತ ಶುರುವಾಯಿತೆಂದರೆ ಮಧ್ಯಾಹ್ನದ ಕ್ಲಾಸಿನಲ್ಲಿ ಪಾಠ ಯಾರ ಕಿವಿಗೂ ಬೀಳುತ್ತಿರಲಿಲ್ಲ.

ನಾನು ಅಥಣಿಯ ಪೂರ್ವದ ಹಳ್ಳಿಯವಳು. ನಮ್ಮ ಕಡೆ ಅದು ರೊಟ್ಟಿ. ಭಾಕರಿ ಅನ್ನುವುದನ್ನೇ ಇಲ್ಲಿ ಬಂದು ಕಲಿತೆ. ಮರಾಠಿ ಅಂದರೆ ನನಗೆ ಬರೀ ಗದ್ದಲ. ಪಕ್ಕದಲ್ಲಿ ಉಣ್ಣುತ್ತಿದ್ದ ಗೆಳತಿ ಶಬಾನಾಗೆ ಹಾಗಲ್ಲ. ಅಕ್ಕೋಳದ ಹುಡುಗಿ, ಮನೆಯಲ್ಲಿ ಉರ್ದು, ಓಣಿಯಲ್ಲಿ ಮರಾಠಿ, ನನ್ನ ಜೊತೆ ಕನ್ನಡ. ಮಾವಶಿ ಬುಟ್ಟಿ ಹಿಡಿದು ಬಂದಳೆಂದರೆ ಇಬ್ಬರದೂ ಮರಾಠಿಯಲ್ಲಿ ಅದೇನೋ ಮಾತು, ಅದೇನೋ ನಗು. ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು ಮಾವಶಿ. ನಾನು ಸುಮ್ಮನೆ ಕಡಲೆಹಿಟ್ಟಿನ ಝುಣಕದಲ್ಲಿ ಬೆರಳಾಡಿಸುತ್ತ ಕೂರಬೇಕು. ಹೊಟ್ಟೆ ಉರಿಯುತ್ತಿತ್ತು. ಖಾರಕ್ಕಲ್ಲ.

ನಗು ಮುಗಿಸಿ ನನ್ನ ಕಡೆ ತಿರುಗಿದಾಗ ಮಾವಶಿ ಕೇಳುತ್ತಿದ್ದುದು ಒಂದೇ: "ಭಾಳ! ಇನ್ನೊಂದು ಭಾಕರಿ?"

ಭಾಳ ಅಂತೆ, ಬಹಳ ಆಯಿತಂತೆ! ನಾನು ಉಂಡದ್ದು ಎರಡು. ಶಬಾನಾ ಮೂರು ಮುಗಿಸಿ ನಾಲ್ಕನೆಯದಕ್ಕೆ ಕೈ ಒಡ್ಡಿದರೂ ಅವಳಿಗೆ ಬರೀ "ಏ ಪೋರೀ, ಘೇ", ತಗೋ ಅಂತ ಪ್ರೀತಿಯಿಂದ ಹಾಕುವುದು. ನನಗೆ ಮಾತ್ರ ಲೆಕ್ಕ. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದಕ್ಕೆ ಸುಣ್ಣ ಅಂತ ಮನಸ್ಸಿನಲ್ಲೇ ಬೈದುಕೊಂಡೆ. ಅಂದಿನಿಂದ ಎರಡಕ್ಕೇ ಕೈ ತೊಳೆಯತೊಡಗಿದೆ. ಸಂಜೆಯವರೆಗೆ ಹೊಟ್ಟೆ ಚುರುಗುಟ್ಟುತ್ತಿತ್ತು, ಆದರೆ ಛಲ ಬಿಡಲಿಲ್ಲ.

ಮಾವಶಿ ಒಂದು ದಿನ ಮನೆಯಿಂದ ಹಸಿಮೆಣಸಿನಕಾಯಿ ಖರ್ಡಾ ತಂದಳು. ಇನ್ನೊಂದು ದಿನ ಶೇಂಗಾ ಚಟ್ನಿ. ತಂದು ನಮ್ಮಿಬ್ಬರ ನಡುವೆ ಇಟ್ಟಳು. ಅದೂ ಶಬಾನಾಗೆ ತಂದದ್ದೆಂದೇ ತಿಳಿದು ನಾನು ಮುಟ್ಟಲಿಲ್ಲ.

ಕೊನೆಗೊಂದು ಮಧ್ಯಾಹ್ನ ಬಿಸಿ ಭಾಕರಿ ಹಿಡಿದು ಮತ್ತೆ ಅದೇ ಮಾತು. ನನ್ನ ತಲೆ ಕೆಟ್ಟಿತು. "ಭಾಳ ಆಗೇತಿ ಅಂದ್ರ ಹಾಕಬ್ಯಾಡ್ರಿ ಮಾವಶಿ! ಆಕಿಗೇ ಹಾಕ್ರಿ, ಆಕಿಗೆ ಎಷ್ಟ ಹಾಕಿದ್ರೂ ಭಾಳ ಆಗೂದಿಲ್ಲ!"

ಉಣ್ಣುತ್ತಿದ್ದವರೆಲ್ಲ ನಮ್ಮತ್ತ ತಿರುಗಿದರು. ಶಬಾನಾ ಕುಡಿಯುತ್ತಿದ್ದ ನೀರು ನೆತ್ತಿಗೇರಿ ಕೆಮ್ಮಿದಳು, ಕೆಮ್ಮುತ್ತಲೇ ನಕ್ಕಳು. "ಏ ಹುಚ್ಚಿ, ಬಾಳ ಅಂದ್ರ ಮರಾಠಿಯೊಳಗ ಕೂಸಲೇ! ಕೂಸೇ, ಇನ್ನೊಂದ ಹಾಕ್ಲಿ ಅಂತ ಕೇಳಾಕತ್ತಾರ." ಆಮೇಲೆ ನಗು ನಿಲ್ಲಿಸಿ ತಾಟು ನೋಡುತ್ತ ಅಂದಳು, "ನನಗ ಒಂದಿನಾನೂ ಬಾಳ ಅಂದಿಲ್ಲ. ಪೋರಿ ಅಂತಾರ, ಊರ ಹುಡುಗ್ಯಾರಿಗೆಲ್ಲ ಅಂದಂಗ. ನಾ ಎಷ್ಟ ಉರಕೊಂಡೇನಿ, ನಿನಗೇನ ಗೊತ್ತು!"

ಮಾವಶಿ ನಗಲಿಲ್ಲ. ಬುಟ್ಟಿ ಕೆಳಗಿಟ್ಟು ನನ್ನ ಪಕ್ಕ ಕೂತಳು. "ಅದಕ್ಕ ಅರ್ಧ ಹೊಟ್ಟಿಲೆ ಏಳತಿದ್ದೇನವಾ? ನನ್ನ ಕೈ ರುಚಿ ಹಿಡಿಸವಲ್ದು ಅಂತ ತಿಳದು ಖರ್ಡಾ ತಂದೆ, ಚಟ್ನಿ ತಂದೆ..." ಅಂದು ಭಾಕರಿ ಮುರಿದು ತಾನೇ ನನ್ನ ಬಾಯಿಗಿಟ್ಟಳು. ಅವತ್ತು ನಾಲ್ಕು ಭಾಕರಿ ಉಂಡೆ. ಶಬಾನಾಳತ್ತ ನೋಡಿ ನೋಡಿ ಉಂಡೆ. ಸುಳ್ಳೇಕೆ ಹೇಳಲಿ, ಅವಳ ಮುಖ ಸಣ್ಣದಾದದ್ದು ಖರ್ಡಾಕ್ಕಿಂತ ರುಚಿಯಾಗಿತ್ತು. ಕಾಲೇಜು ಮುಗಿಯುವವರೆಗೂ ಮಾವಶಿ ನನ್ನವಳು ಎಂದು ಮೆರೆದೆ.

ಹೋದ ವರ್ಷ ಮಾವಶಿ ತೀರಿಕೊಂಡಳು. ಉತ್ತರಕ್ರಿಯೆ ಮುಗಿದ ಮೇಲೆ ನಾನೂ ಶಬಾನಾನೂ ಕೊಗನೊಳ್ಳಿಗೆ ಹೋದೆವು. ಮಗಳು ಇದ್ದಳು, ನಮ್ಮದೇ ವಾರಿಗೆಯವಳು. ಬೇಡವೆಂದರೂ ಒಲೆ ಹೊತ್ತಿಸಿ ನಮಗೆ ಬಿಸಿ ಭಾಕರಿ ಬಡಿದು ಹಾಕಿದಳು. ಊಟದ ಕೋಣೆ, ನಮ್ಮ ಜಗಳ, ಎಲ್ಲ ಹೇಳಿಕೊಂಡು ನಾವಿಬ್ಬರೂ ನಕ್ಕೆವು. ಅವಳು ಹಿಟ್ಟು ನಾದುತ್ತ ಕೇಳಿಸಿಕೊಂಡಳು.

"ಆಯಿ ನಸುಕಿನ್ಯಾಗ ನಮ್ಮ ಭಾಕರಿ ಬಡದಿಟ್ಟ ಬಸ್ಸಿಗೆ ಹೋಗತಿದ್ಲರಿ," ಅವ್ವನನ್ನು ನೆನೆದು ಅಂದಳು. "ನಾವ ಉಣ್ಣೂದ್ರಾಗ ತಣ್ಣಗಾಗಿರತಿದ್ದೂ. ಸಂಜಿಕ್ಕ ಬಂದ್ಲಂದ್ರ ಕೈ ಸೋತಿರತಿದ್ದೂ, ನಾನ ಬಡೀತಿದ್ದೆ. ಆಕಿ ಕೈಯಾನ ಬಿಸಿ ಭಾಕರಿ ಎಲ್ಲಾ ನೀವ ಉಂಡ್ರಿ. ನಿಮ್ಮ ಸುದ್ದಿ ತಗದ್ರ ನನಗ ಹೊಟ್ಟಿ ಉರೀತಿತ್ರಿ."

ಸಿಟ್ಟಿನಿಂದ ಹೇಳಲಿಲ್ಲ. ಯಾರ ಪಾಲಿಗಾಗಿ ನಾವಿಬ್ಬರೂ ಅಷ್ಟು ಕಿತ್ತಾಡಿದ್ದೆವು!

ಅವಳು ಹಿಟ್ಟಿನ ಮತ್ತೊಂದು ಉಂಡೆ ತೆಗೆದುಕೊಳ್ಳುವಾಗ ನಾನು ಎದ್ದು ಕೈ ತೊಳೆದೆ. "ನೀವ ಈ ಕಡೆ ಕೂಡ್ರಿ ಅಕ್ಕಾ. ಇದನ್ನ ನಾ ಬಡೀತೇನಿ," ಅಂದೆ. ಅವಳು ತಾಟು ಮುಂದಿಟ್ಟುಕೊಂಡು ಕೂತಳು. ನನ್ನ ಭಾಕರಿ ಅಂಚಿಗೆ ಸೀಳಿತು, ಉಬ್ಬಲೂ ಇಲ್ಲ. ಹಂಚಿನಿಂದ ಇಳಿದದ್ದನ್ನು ಇಳಿದಂತೆಯೇ ಅವಳ ತಾಟಿಗೆ ಹಾಕಿದೆ. ಬಿಸಿಗೆ ಬೆರಳು ಹಿಂದೆಗೆಯುತ್ತ, ಊದಿ ಊದಿ ಅವಳು ಪೂರ್ತಿ ಉಂಡಳು.