ಡೈನಮೋ ದೋಣಿಯ ಮೇಸ್ತ್ರಿ

ಅವರ ಬೆರಳುಗಳ ತುಂಬ ತಾಮ್ರದ ತಂತಿ ಕೊರೆದ ಗೆರೆಗಳಿದ್ದವು, ಹಳೇ ಸ್ಲೇಟಿನ ಮೇಲಿನ ಗೀರುಗಳ ಹಾಗೆ. ಸಿರುಗುಪ್ಪದ ರೈಸ್ ಮಿಲ್ಲುಗಳಲ್ಲಿ ಸುಟ್ಟುಹೋದ ಮೋಟಾರುಗಳನ್ನು ರೀವೈಂಡ್ ಮಾಡುತ್ತಿದ್ದವರು. ಎಲ್ಲರಿಗೂ ಮೇಸ್ತ್ರಿ. ಬಳ್ಳಾರಿಯ ಕಾನ್ವೆಂಟಿನಲ್ಲಿ ಓದಿ, ಎಪ್ಪತ್ತರ ದಶಕದಲ್ಲಿ ಅವರ ಹೊಳೆದಂಡೆಯ ಊರಿಗೆ ಟೀಚರಾಗಿ ಹೋದ ನಾನು ಅವರನ್ನು ಮೊದಲಿಂದಲೂ ನಂಬಲಿಲ್ಲ. ಕಡಿಮೆ ಮಾತಾಡುವವರೆಂದರೆ ನನಗಾಗ ಒಂಥರಾ ಡೌಟು.

ಅವರ ಅಣ್ಣ ತುಂಗಭದ್ರೆಯಲ್ಲಿ ಜನರನ್ನು ದಾಟಿಸುತ್ತಿದ್ದ. ಹುಟ್ಟು ಹಾಕಿ ಹಾಕಿ ಅವನ ಭುಜ ಬಿದ್ದುಹೋಗಿತ್ತು. ದೋಣಿ ಬಿಟ್ಟರೆ ಬೇರೆ ಬದುಕಿಲ್ಲ. ಮೇಸ್ತ್ರಿ ಲಾರಿಯ ಹಳೇ ಡೈನಮೋಗೆ ಹೊಸದಾಗಿ ತಂತಿ ಸುತ್ತಿ, ಅದನ್ನೇ ಮೋಟಾರು ಮಾಡಿ, ನೀರು ತಳ್ಳುವ ಹಿತ್ತಾಳೆಯ ರೆಕ್ಕೆ ಜೋಡಿಸಿ ದೋಣಿಯ ಹಿಂದೆ ಕೂರಿಸಿದರು. ಎರಡು ಲಾರಿ ಬ್ಯಾಟರಿ, ಮಿಲ್ಲಿನಲ್ಲಿ ಚಾರ್ಜು. ದೋಣಿ ಸದ್ದೇ ಇಲ್ಲದೆ ಹೊರಡುತ್ತಿತ್ತು. ಸದ್ದಿಲ್ಲದ ಮೋಟಾರೆಂದರೆ ಊರಿಗೆ ಅನುಮಾನ. ಹೊಳೆಗೆ ಕರೆಂಟ್ ಬಿಟ್ಟಾನ ಅಂದರು. ಹೆಂಗಸರು ಬಟ್ಟೆ ಒಗೆಯಲು ಮೇಲಿನ ಬಂಡೆಗೆ ಸರಿದರು. ಅವರು ವಾದಿಸಲಿಲ್ಲ. ಪ್ರತಿಸಲ ಹೊರಡುವ ಮುಂಚೆ ತಾವೇ ಮೊಣಕಾಲುದ್ದ ನೀರಿಗಿಳಿದು, ತಿರುಗುವ ರೆಕ್ಕೆಯ ಪಕ್ಕ ನಿಂತು ತೋರಿಸುತ್ತಿದ್ದರು. ಇದೂ ಒಂದು ಟ್ರಿಕ್ ಎಂದುಕೊಂಡೆ.

ಒಂದು ಬೆಳಿಗ್ಗೆ ದಂಡೆಯುದ್ದಕ್ಕೂ ಮೀನು ಸತ್ತು ತೇಲಿದವು. ಊರವರು ನೇರ ನನ್ನ ಮನೆಗೆ ಬಂದರು. ಇಂಗ್ಲಿಷ್ ಬರುತ್ತಿದ್ದದ್ದು ನನಗೊಬ್ಬಳಿಗೇ. ದೋಣಿಯ ಕರೆಂಟಿಗೇ ಮೀನು ಸತ್ತವು, ಮೋಟಾರು ತೆಗೆಸಿ ಎಂದು ತಾಲೂಕು ಕಚೇರಿಗೆ ಪೆಟಿಷನ್ ಬರೆದುಕೊಟ್ಟೆ. ‘ಎ ಗ್ರೇವ್ ಡೇಂಜರ್ ಟು ಹ್ಯೂಮನ್ ಲೈಫ್’ ಎಂಬ ಸಾಲನ್ನು ಎರಡು ಸಲ ತಿದ್ದಿ ಚೆಂದ ಮಾಡಿದೆ.

ಮೋಟಾರು ಬಿಚ್ಚಬೇಕೆಂದು ಆರ್ಡರ್ ಬಂತು. ಅದನ್ನು ಓದಿಸಲು ಮೇಸ್ತ್ರಿ ನನ್ನ ಹತ್ತಿರವೇ ಬಂದರು. ನನ್ನ ಆ ಸಾಲು ಹಾಗೇ ಅದರಲ್ಲಿ ಕೂತಿತ್ತು. ಜನರ ಜೀವಕ್ಕೆ ಭಾರಿ ಅಪಾಯ ಅಂತಿದೆ ಎಂದು ಓದಿ ಅರ್ಥ ಹೇಳಿದೆ. ಅವರು ಕಾಗದ ಮಡಚಿಕೊಂಡರು.

“ಇಂಗ್ಲಿಷ್ ಭಾಳ ಚಲೋ ಐತ್ರಿ ಟೀಚರಮ್ಮಾ. ಈ ಊರಾಗ ಹಿಂಗ ಬರಿಯೋರು ಒಬ್ರ ಅದಾರ.”

ದನಿಯಲ್ಲಿ ಸಿಟ್ಟಿರಲಿಲ್ಲ. ಮರುದಿನ ಡೈನಮೋ ಬಿಚ್ಚಿದರು. ಅಣ್ಣ ಮಿಲ್ಲಿನ ಗೇಟಿನಲ್ಲಿ ಕಾವಲಿಗೆ ಕೂತ.

ಮುಂದಿನ ವರ್ಷ ಭತ್ತದ ಗದ್ದೆಗಳಿಗೆ ಔಷಧಿ ಹೊಡೆದ ವಾರ ಮತ್ತೆ ಮೀನು ತೇಲಿದವು, ಗದ್ದೆಯ ನೀರು ಹೊಳೆಗೆ ಬೀಳುವ ಕಡೆಯಿಂದಲೇ ಶುರುವಾಗಿ. ಆಗ ಹೊಳೆಯಲ್ಲಿ ದೋಣಿಯೇ ಇರಲಿಲ್ಲ. ರಾತ್ರಿಯೆಲ್ಲ ನಿದ್ದೆಯಿಲ್ಲ. ತಪ್ಪೆಲ್ಲ ನನ್ನದೆಂದು ಇನ್ನೊಂದು ಪೆಟಿಷನ್ ಬರೆದು ಅವರ ರಿಪೇರಿ ಅಂಗಡಿಗೆ ಒಯ್ದೆ. ಅವರು ತಂತಿ ಸುತ್ತುವ ಕೈ ನಿಲ್ಲಿಸಲಿಲ್ಲ.

“ಇನ್ನ ಯಾತಕ್ಕ ಬಿಡ್ರಿ. ಅಣ್ಣ ಹೊಳಿ ಕಡೆ ಮುಖಾನ ಮಾಡಂಗಿಲ್ಲ.”

ಆಮೇಲೆ ಸ್ಕೂಲಿನ ಫ್ಯಾನು ಕೆಟ್ಟಾಗ ಅವರೇ ಬಂದು ರಿಪೇರಿ ಮಾಡಿದರು. ನನ್ನ ಕಡೆ ನೋಡಲಿಲ್ಲ ಅನ್ನಿಸಿತು; ನೋಡಿದ್ದರೋ ಏನೋ. ನಾನು ಬಳ್ಳಾರಿಗೆ ಮರಳಿದ ಎಷ್ಟೋ ದಿನಕ್ಕೆ ಅವರು ತೀರಿಕೊಂಡರೆಂದು ಒಂದು ಕಾರ್ಡು ಬಂತು.

ಎರಡನೇ ಪೆಟಿಷನ್ ಇನ್ನೂ ನನ್ನ ಟ್ರಂಕಿನಲ್ಲಿದೆ. ಅದರಲ್ಲಿ ಒಂದು ಸಾಲನ್ನೂ ನಾನು ಚೆಂದ ಮಾಡಿಲ್ಲ.