ಬೆರಕೆ ಅಕ್ಕಿ

ಕಾಪುವಿನ ನಮ್ಮ ಮನೆಯಲ್ಲಿ ಅಮ್ಮ ಅನ್ನಕ್ಕಿಡುವ ಮೊದಲು ಒಂದು ಹಿಡಿ ಅಕ್ಕಿಯನ್ನು ಬಡವರಿಗೆಂದು ಚರ್ಚಿನ ಡಬ್ಬಕ್ಕೆ ಹಾಕುತ್ತಿದ್ದಳು. ಅಪ್ಪ ತೀರಿಕೊಂಡ ವರ್ಷ ಆ ಅಕ್ಕಿ ನಮ್ಮ ಮನೆಗೇ ಬಂತು. ಹತ್ತಾರು ಮನೆಗಳ ಕುಚ್ಚಲಕ್ಕಿ, ಬೇಗ ಬೇಯುವ ಬಿಳಿ ಬೆಳ್ತಿಗೆ ಎಲ್ಲ ಬೆರೆತ ಚೀಲ. ಅಮ್ಮ ಅದರಿಂದಲೂ ಒಂದು ಹಿಡಿ ತೆಗೆದು ಡಬ್ಬಕ್ಕೆ ಹಾಕಿದಳು.

"ನಮಗೇ ಇಲ್ಲ, ಇನ್ನು ಕೊಡ್ಲಿಕ್ಕೆ ಎಂತ ಉಂಟು?" ಎಂದು ರೇಗಿದೆ.

"ಕೊಡ್ಲಿಕ್ಕೆ ದೇವರಿದ್ದಾರೆ ಮಾರಾಯ, ನೀನು ಊಟ ಮಾಡು" ಎಂದಳು.

ಬೆಳ್ತಿಗೆ ಬೆಂದು ಮುದ್ದೆಯಾಗಿತ್ತು, ಕುಚ್ಚಲಕ್ಕಿ ಇನ್ನೂ ಗಟ್ಟಿಯಿತ್ತು. ಬೇಯದ ಆ ಕಾಳನ್ನು ಉಗುಳಲು ಅಮ್ಮ ಬಿಡಲಿಲ್ಲ.

ಈಗ ಅಮ್ಮನಿಲ್ಲ. ಮಣಿಪಾಲದ ನನ್ನ ಫ್ಲ್ಯಾಟಿನಲ್ಲಿ ಒಂದೇ ಬಗೆಯ ಅಕ್ಕಿ, ಚೆನ್ನಾಗಿಯೇ ಬೇಯುತ್ತದೆ. ಆದರೂ ಪ್ರಾರ್ಥನೆ ಮುಗಿಸಿ ತುತ್ತು ಬಾಯಿಗಿಟ್ಟರೆ ಆ ಬೇಯದ ಕಾಳು ಹಲ್ಲಿಗೆ ಸಿಗುತ್ತದೆ. ಉಗುಳುವ ಧೈರ್ಯ ಇವತ್ತಿಗೂ ಇಲ್ಲ.